ಸೋಲಿಸಲು ನಿಂತವಳು

ಮಿಲ್ಟನ್ನಿನ ಕನ್ನಡದವರ ನಡುವೆ ದೀಪಶ್ರೀಯ ಹೆಸರು ಬಂದರೆ ಈಗಲೂ ಮಾತು ಎರಡಾಗುತ್ತದೆ. ಅವಳು ಮಾಡಿದ್ದೇ ಸರಿ ಎನ್ನುವವರು ಕೆಲವರು. ಅವಳಿರುವ ಕಡೆ ಊಟಕ್ಕೂ ಕೂರುವುದಿಲ್ಲ ಎನ್ನುವವರು ಕೆಲವರು. ಅವಳು ಮಾತ್ರ ಯಾರಿಗೂ ಸಮಜಾಯಿಷಿ ಕೊಡಲು ಹೋಗಿಲ್ಲ.

ದೀಪಶ್ರೀ ಧಾರವಾಡದವಳು. ಮದುವೆಯಾಗಿ ಗಂಡ ನಿಜಗುಣನ ಜೊತೆ ಕಡಲಾಚೆಯ ಈ ಮಿಲ್ಟನ್ನಿಗೆ ಬಂದಾಗ ಮನೆಯ ಹಿಂದೆ ಇನ್ನೂ ಮೆಕ್ಕೆಜೋಳದ ಹೊಲವಿತ್ತು. ನೋಡನೋಡುತ್ತ ಹೊಲ ಹೋಗಿ ಒಂದೇ ಅಚ್ಚಿನ ಮನೆಗಳ ಸಾಲು ಎದ್ದಿತು. ಹೆದ್ದಾರಿಯ ಮಗ್ಗುಲಿಗೆ ವೇರ್‌ಹೌಸುಗಳು ಬಂದವು. ನಿಜಗುಣ ಅಂಥದೊಂದರಲ್ಲಿ ಕೆಲಸಕ್ಕೆ ಸೇರಿದ. ಅವಳು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆದಳು. ರಾಜಕೀಯದ ಗಂಧಗಾಳಿ ಅವಳಿಗಿರಲಿಲ್ಲ.

ಅದು ಬಂದದ್ದು ಮುರಿಗೆಪ್ಪನಿಂದ. ಗೋಕಾಕ ಕಡೆಯ ಮುರಿಗೆಪ್ಪ ನಿಜಗುಣನ ಜೊತೆ ಕೆಲಸ ಮಾಡುತ್ತಿದ್ದ. ವೇರ್‌ಹೌಸಿನವರೆಗೆ ಬಸ್ಸಿರಲಿಲ್ಲ. ಕಾರಿಲ್ಲದವರು ಕೊನೆಯ ಸ್ಟಾಪಿನಲ್ಲಿಳಿದು ಲಾರಿಗಳ ಪಕ್ಕದಲ್ಲೇ ರಸ್ತೆಯಂಚು ಹಿಡಿದು ನಡೆಯಬೇಕು. ಒಂದು ಚಳಿಗಾಲದ ಬೆಳಿಗ್ಗೆ ಹಾಗೆ ನಡೆಯುತ್ತಿದ್ದಾಗ ಲಾರಿಯೊಂದು ಹಿಮದ ಮೇಲೆ ಜಾರಿ ಮುರಿಗೆಪ್ಪನನ್ನು ಕೆಡವಿತು. ಜೀವ ಉಳಿಯಿತು, ಎಡಗಾಲು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅವನನ್ನು ನೋಡಿ ಬಂದ ಮೇಲೆ ದೀಪಶ್ರೀ ಸುಮ್ಮನಿರಲಿಲ್ಲ. ಊರಿನ ಕೌನ್ಸಿಲ್ ಸಭೆಗೆ ಹೋಗಿ ಬಸ್ಸು ಬೇಕೆಂದು ಮಾತಾಡಿದಳು. ಇದು ಪ್ರಾಂತ ಸರ್ಕಾರದ ಹಣದ ವಿಷಯ ಎಂದು ಅವರು ಕೈತೊಳೆದುಕೊಂಡರು. ಮತ್ತೆ ಮತ್ತೆ ಹೋದಳು. ಅವಳ ಹಿಂದೆ ಜನ ಸೇರತೊಡಗಿದರು. ಹುಬ್ಬಳ್ಳಿ-ಬೆಳಗಾವಿಯವರಷ್ಟೇ ಅಲ್ಲ, ಬೇಸ್‌ಮೆಂಟುಗಳಲ್ಲಿ ಬಾಡಿಗೆಗಿದ್ದ ಪಂಜಾಬಿ, ಗುಜರಾತಿ ಹುಡುಗರೂ ಬಂದರು.

ಆಗ ಅವಳನ್ನು ಹುಡುಕಿಕೊಂಡು ಬಂದವನು ರಘುನಾಥ. ಮೈಸೂರಿನವನು, ಮನೆ ಮಾರುವ ಏಜೆಂಟ್, ಕನ್ನಡ ಕೂಟದಲ್ಲಿ ಅವನಿಲ್ಲದೆ ಕಾರ್ಯಕ್ರಮ ಇಲ್ಲ.

"ದೀಪಶ್ರೀಯವರೇ, ಬಸ್ಸು ಬೇಕು ಅಂತ ಕೇಳೋ ಜಾಗ ಇದಲ್ಲ. ನೀವು ಅಸೆಂಬ್ಲಿಗೆ ನಿಲ್ಲಬೇಕು. ಪಾರ್ಟಿ ಕೆಲಸ ನಾನು ನೋಡ್ಕೋತೀನಿ," ಎಂದ.

ಚುನಾವಣೆಗೆ ಮೊದಲು ಪಕ್ಷದೊಳಗೇ ಒಂದು ಚುನಾವಣೆ ನಡೆಯುತ್ತದೆ. ಕ್ಷೇತ್ರದ ಸದಸ್ಯರು ಒಂದು ಸಭಾಂಗಣದಲ್ಲಿ ಸೇರಿ ತಮ್ಮ ಅಭ್ಯರ್ಥಿ ಯಾರೆಂದು ಮತ ಹಾಕುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಕೊನೆಯಲ್ಲಿರುವವರನ್ನು ಬಿಟ್ಟು ಮತ್ತೊಂದು ಸುತ್ತು. ಹೀಗೆ ಒಬ್ಬರು ಗೆಲ್ಲುವವರೆಗೆ. ದೀಪಶ್ರೀ ನಿಂತಳು. ಅವಳ ಪ್ರಚಾರವನ್ನು ರಘುನಾಥನೇ ನಡೆಸಿದ. ಅವನ ಹೆಂಡತಿ ಆಶಾಲತಾ ಅವಳಿಗೆ ಸೀರೆ ಆರಿಸಿಕೊಟ್ಟಳು.

ಮತದಾನದ ದಿನ ಕೊನೆಗೆ ಮೂವರು ಉಳಿದರು, ಅವರಲ್ಲಿ ಒಬ್ಬ ಊರಿನ ವಕೀಲ. ದೀಪಶ್ರೀಯೇ ಮುಂದಿದ್ದಳು. ಮುಂದಿನ ಸುತ್ತು ಶುರುವಾಗುವ ಮೊದಲು ರಘುನಾಥ ಅವಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ. "ಪೇಪರಿನವರು ಬರ್ತಿದ್ದಾರೆ. ಎಲ್ಲೂ ಏಳ್ಬೇಡಿ," ಎಂದ. ಅವಳು ಸೀರೆಯ ನೆರಿಗೆ ಸರಿ ಮಾಡಿಕೊಂಡು ಕಾದಳು. ಯಾರೂ ಬರಲಿಲ್ಲ. ಎದ್ದು ಹೊರಗೆ ಬಂದಾಗ ಸುತ್ತು ಮುಗಿದಿತ್ತು, ಅವಳ ಜನ ಕೋಟು ಹಾಕಿಕೊಂಡು ಹೊರಟಿದ್ದರು.

"ಯಾಕಕ್ಕಾರ, ಹಿಂದ ಸರದ್ರಿ?" ಎಂದು ಮುರಿಗೆಪ್ಪ ಕೇಳಿದ. ಅವನ ಕಣ್ಣು ಕೆಂಪಾಗಿತ್ತು. "ನೀವು ಬಿಟ್ಟ್ರಂತ, ವಕೀಲರಿಗೆ ಹಾಕಬೇಕಂತ. ರಘುನಾಥ ಸರ್ ಹೇಳಿದ್ರು."

ವಕೀಲ ಗೆದ್ದ, ಆಮೇಲೆ ಸೀಟನ್ನೂ ಗೆದ್ದ. ರಘುನಾಥನಿಗೆ ಅವನ ಆಫೀಸಿನಲ್ಲಿ ದೊಡ್ಡ ಕೆಲಸ ಸಿಕ್ಕಿತು. ದೀಪಶ್ರೀ ಪಕ್ಷಕ್ಕೆ ದೂರು ಕೊಟ್ಟಳು. ಅವಳೇ ಸರಿಯುತ್ತೇನೆ ಅಂದಿದ್ದಳು, ಸೋತ ಮೇಲೆ ಮಾತು ಬದಲಿಸುತ್ತಿದ್ದಾಳೆ ಎಂದು ರಘುನಾಥ ಹೇಳಿದ. ಎಲ್ಲರೂ ಅವನನ್ನೇ ನಂಬಿದರು. ಆ ವರ್ಷದ ರಾಜ್ಯೋತ್ಸವದಲ್ಲಿ ಅವನು ವೇದಿಕೆಯ ಮೇಲಿಂದ ನಗುತ್ತ, "ನಮ್ಮ ದೀಪಶ್ರೀಯವರು ಚೆನ್ನಾಗಿ ಮಾತಾಡ್ತಾರೆ. ಆದ್ರೆ ರಾಜಕೀಯ ಅಂದ್ರೆ ರಿಸೆಪ್ಶನ್ ಡೆಸ್ಕ್ ಅಲ್ಲ ನೋಡಿ," ಎಂದ. ಇಡೀ ಸಭೆಯೇ ನಕ್ಕಿತು. ದೀಪಶ್ರೀ ತಟ್ಟೆಯಲ್ಲಿದ್ದ ಹೋಳಿಗೆಯನ್ನು ಪೂರ್ತಿ ತಿಂದು, ಕೈ ತೊಳೆದು, ಮನೆಗೆ ಹೋದಳು.

ಅಂದಿನಿಂದ ಅವಳು ಬದಲಾದಳೆಂದು ನಿಜಗುಣ ಹೇಳುತ್ತಾನೆ. ಅತ್ತಿದ್ದರೆ, ಬೈದಿದ್ದರೆ ಅವನಿಗೆ ನಿರಾಳವಾಗುತ್ತಿತ್ತು. ಅವಳು ಎರಡನ್ನೂ ಮಾಡಲಿಲ್ಲ. ರಘುನಾಥ ಎದುರಾದರೆ "ಅರಾಮ ಅದೀರೇನ್ರಿ?" ಎಂದು ಕೇಳುತ್ತಿದ್ದಳು. ಪಕ್ಷದ ಸದಸ್ಯತ್ವ ಮಾತ್ರ ಬಿಡಲಿಲ್ಲ.

ಮುಂದಿನ ಚುನಾವಣೆಗೆ ವಕೀಲ ನಿಲ್ಲುವುದಿಲ್ಲವೆಂದು ಸುದ್ದಿ ಬಂತು. ಖಾಲಿ ಸೀಟಿಗೆ ಏಳು ಮಂದಿ ಮುಂದೆ ಬಂದರು. ಒಬ್ಬ ಫಾರ್ಮಸಿ ಇಟ್ಟವನು, ಒಬ್ಬಳು ಸ್ಕೂಲಿನ ಪ್ರಿನ್ಸಿಪಾಲ್, ಒಬ್ಬ ನಿವೃತ್ತ ಪೊಲೀಸ್, ವುಡ್‌ಬ್ರಿಡ್ಜಿನಲ್ಲಿ ಲಾರಿ ಕಂಪನಿ ನಡೆಸುತ್ತ ಮಿಲ್ಟನ್ನಿನಲ್ಲಿ ದೊಡ್ಡ ಮನೆ ಕಟ್ಟಿಸಿದ್ದ ಮರೀನೊ, ಹೀಗೆ. ರಘುನಾಥನೂ ನಿಂತ. ಏಳನೆಯವಳಾಗಿ ದೀಪಶ್ರೀ ಅರ್ಜಿ ಹಾಕಿದಳು.

ರೊಟ್ಟಿ ತಿನ್ನುತ್ತಿದ್ದ ನಿಜಗುಣ ತಟ್ಟೆ ಸರಿಸಿ ಕೇಳಿದ. "ಒಂದ್ ಮಾತ್ ಹೇಳು. ಗೆಲ್ಲಾಕ ನಿಂತೀಯೋ, ಅವನ್ನ ಸೋಲಸಾಕ ನಿಂತೀಯೋ?"

"ಸೋಲಸಾಕ."

"ಜನಕ್ಕ ಹಂಗ ಹೇಳ್ತೀಯೇನು?"

"ಜನಕ್ಕ ಬಸ್ಸಿನ ಮಾತ್ ಹೇಳ್ತೀನಿ. ಅದೂ ಖರೇನ ಐತಿ."

ಮಗಳು ಅಕ್ಷಯಾ ಫೋನಿನಿಂದ ತಲೆ ಎತ್ತಿ, "ಅಮ್ಮಾ, ದಟ್ಸ್ ಸೋ ಪೆಟ್ಟಿ, ಎಷ್ಟ್ ಸಣ್ಣತನ ಇದು," ಎಂದಳು. ದೀಪಶ್ರೀ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಆ ವಸಂತವೆಲ್ಲ ಅವಳು ಮನೆಮನೆ ತಿರುಗಿದಳು. ಈ ಸಲ ತನ್ನ ಪರವಾಗಿ ಮಾತಾಡಲು ಯಾರನ್ನೂ ನೇಮಿಸಲಿಲ್ಲ. ಶಿಫ್ಟು ಬದಲಾಗುವ ಹೊತ್ತಿಗೆ ವೇರ್‌ಹೌಸಿನ ಗೇಟಿನಲ್ಲಿ ನಿಂತಳು, ಬೇಸ್‌ಮೆಂಟಿನ ಮೆಟ್ಟಿಲಿಳಿದಳು, ತನಗೆ ಬರುವಷ್ಟು ಹಿಂದಿಯಲ್ಲಿ ಹುಡುಗರನ್ನು ಪಕ್ಷದ ಸದಸ್ಯರಾಗಲು ಒಪ್ಪಿಸಿದಳು. ಎಲ್ಲರಿಗೂ ಹೇಳಿದ್ದು ಒಂದೇ. "ನನಗ ಹಾಕ್ರಿ. ನಾ ಬಿದ್ದರ ಹಾಲ್ ಬಿಟ್ಟು ಹೋಗಬ್ಯಾಡ್ರಿ. ಮುಂದ ಯಾರಿಗೆ ಹಾಕಬೇಕು ಅನ್ನೂದು ನನ್ನ ಬಾಯಿಂದಾನ ಕೇಳ್ರಿ. ಬ್ಯಾರೆ ಯಾರು ಹೇಳಿದ್ರೂ ನಂಬಬ್ಯಾಡ್ರಿ." ಮುರಿಗೆಪ್ಪ ಕೃತಕ ಕಾಲಿನಲ್ಲಿ ಕುಂಟುತ್ತ ಅವಳ ಜೊತೆ ಎಷ್ಟೋ ಬಾಗಿಲು ತಟ್ಟಿದ. ಅವನಿಗೆ ರಘುನಾಥನ ಮೇಲೆ ಸಿಟ್ಟಿತ್ತು, ಆದರೆ ಅವನು ತಿರುಗಿದ್ದು ಬಸ್ಸಿಗಾಗಿ.

ಮತದಾನದ ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಭಾಷಣದಲ್ಲಿ ರಘುನಾಥ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ. ಗೆದ್ದರೆ ವೇರ್‌ಹೌಸುಗಳಿಗೆ ಬಸ್ಸು ತರುವುದೇ ತನ್ನ ಮೊದಲ ಕೆಲಸ ಎಂದು ಎಲ್ಲರೆದುರು ಮಾತು ಕೊಟ್ಟ. ಮರೀನೊ ಅಷ್ಟೇ ನೇರವಾಗಿ, ಬಸ್ಸು ಖಾಲಿ ಓಡುತ್ತವೆ, ಮಿಲ್ಟನ್ನಿಗೆ ಬೇಕಾದದ್ದು ಲಾರಿಗಳಿಗೆ ಅಗಲ ರಸ್ತೆ ಎಂದ.

ಸುತ್ತಿನ ಮೇಲೆ ಸುತ್ತು ನಡೆಯಿತು. ಫಾರ್ಮಸಿಯವನು ಬಿದ್ದ, ಪೊಲೀಸ್ ಬಿದ್ದ, ಪ್ರಿನ್ಸಿಪಾಲ್ ಕೂಡ ಹೊರಗಾದಳು. ಸಂಜೆಯ ಹೊತ್ತಿಗೆ ಮರೀನೊ, ರಘುನಾಥ, ದೀಪಶ್ರೀ ಉಳಿದರು. ಆ ಸುತ್ತಿನಲ್ಲಿ ಅವಳು ಕೂದಲೆಳೆಯಲ್ಲಿ ಮೂರನೆಯವಳಾದಳು. ಇನ್ನು ಉಳಿದದ್ದು ಕೊನೆಯ ಸುತ್ತು. ಅವಳ ಜನ ಯಾರ ಕಡೆ ತಿರುಗಿದರೆ ಅವರು ಗೆದ್ದಂತೆ. ಯಾರೂ ಕೋಟು ಮುಟ್ಟಲಿಲ್ಲ. ಗೋಡೆಯ ಕಡೆ ಗುಂಪಾಗಿ ನಿಂತು ಅವಳನ್ನೇ ನೋಡುತ್ತಿದ್ದರು.

ರಘುನಾಥ ಬಂದ. ಜೊತೆಗೆ ಆಶಾಲತಾ ಇದ್ದಳು.

"ಒಳಗೆ ಬನ್ನಿ ದೀಪಶ್ರೀಯವರೇ, ಐದು ನಿಮಿಷ ಕೂತು ಮಾತಾಡೋಣ."

"ಇಲ್ಲೇ ಮಾತಾಡ್ರಿ. ನಿಮ್ಮ ಕೋಣೀ ನಾ ನೋಡೀನಿ."

ಅವನ ಮುಖ ಕೆಂಪಾಯಿತು. "ಆಗಿದ್ದು ಆಗಿಹೋಯ್ತು. ನಮ್ಮಲ್ಲಿಂದ ಒಬ್ಬರು ಅಸೆಂಬ್ಲಿಗೆ ಹೋದ ಹಾಗಾಗುತ್ತೆ. ಬಸ್ಸು ತರ್ತೀನಿ ಅಂತ ಎಲ್ಲರ ಮುಂದೆ ಹೇಳಿದ್ದೀನಿ, ಇನ್ನು ಹಿಂದೆ ಸರಿಯೋಕಾಗಲ್ಲ. ನಿಮಗಿನ್ನೇನು ಬೇಕು ಹೇಳಿ."

"ಅವತ್ತು ಏನ್ ಮಾಡಿದ್ರಿ ಅನ್ನೂದನ್ನ ಮೈಕಿನ್ಯಾಗ ಹೇಳ್ರಿ."

"ಹೇಳಿದ್ರೆ?"

"ಮೊದಲ ಹೇಳ್ರಿ. ಆಮ್ಯಾಲ ನೋಡೂಣು."

ಆಶಾಲತಾ ಗಂಡನ ತೋಳು ಮುಟ್ಟಿ, "ಹೇಳಿಬಿಡಿ ರೀ, ನಿಜ ತಾನೇ ಅದು," ಎಂದಳು. ರಘುನಾಥ ಮೈಕಿನ ಕಡೆ ಹೋದ. ಕನ್ನಡದಲ್ಲಿ ಶುರು ಮಾಡಿದ. ಕಳೆದ ಸಲ ಸಣ್ಣದೊಂದು ಕಮ್ಯುನಿಕೇಶನ್ ಗ್ಯಾಪ್ ಆಗಿತ್ತು ಎಂದ.

ಕೆಳಗಿನಿಂದ ದೀಪಶ್ರೀ, "ಗ್ಯಾಪ್ ಅಲ್ರಿ. ಏನ್ ಮಾಡಿದ್ರಿ ಅದನ್ನ ಹೇಳ್ರಿ. ಇಂಗ್ಲಿಷಿನ್ಯಾಗ ಹೇಳ್ರಿ, ಎಲ್ಲಾರಿಗೂ ತಿಳೀಲಿ," ಎಂದಳು.

ಅವನು ಹೇಳಿದ. ದೀಪಶ್ರೀ ಹಿಂದೆ ಸರಿದಿರಲಿಲ್ಲ, ಅವಳನ್ನು ಕೋಣೆಯಲ್ಲಿ ಕೂರಿಸಿ ತಾನೇ ಸುಳ್ಳು ಹೇಳಿದೆ, ಆಮೇಲೆ ಅವಳನ್ನೇ ಸುಳ್ಳುಗಾರ್ತಿ ಮಾಡಿದೆ ಎಂದು ಇಂಗ್ಲಿಷಿನಲ್ಲಿ, ಒಂದೊಂದೇ ವಾಕ್ಯವಾಗಿ ಹೇಳಿದ. ಕೆಳಗಿಳಿದು ಬಂದು ಅವಳೆದುರು ಕೈ ಮುಗಿದ.

ಮುರಿಗೆಪ್ಪ ಅವಳ ಕಿವಿಯ ಹತ್ತಿರ, "ತಪ್ಪೊಪ್ಪಿದ ನೋಡ್ರಿ ಅಕ್ಕಾರ. ಸಾಕು. ಈಗ ಅವಗ ಹಾಕ್ರಿ ಅನ್ರಿ. ಬಸ್ ಬರಲಿ," ಎಂದ.

ದೀಪಶ್ರೀ ತನ್ನ ಜನರ ಕಡೆ ನಡೆದಳು. ಇಷ್ಟು ವರ್ಷ ಎದೆಯಲ್ಲಿ ಕೂತಿದ್ದ ಮಾತು ಸರಾಗವಾಗಿ ಹೊರಬಂತು. ಮೊದಲು ಕನ್ನಡದಲ್ಲಿ, "ಮರೀನೊಗ ಹಾಕ್ರಿ." ಆಮೇಲೆ ಹಿಂದಿಯಲ್ಲಿ, "ಮರೀನೊ ಕೋ ದೇನಾ, ಭಾಯಿ."

ಮುಗಿದ ಕೈಗಳನ್ನು ಕೆಳಗಿಳಿಸುವುದನ್ನೂ ರಘುನಾಥ ಮರೆತಿದ್ದ. ಅವಳು ಅವನತ್ತ ತಿರುಗಿ ಚೆನ್ನಾಗಿ ನೋಡಿದಳು. ತಾನು ಅಂದು ಆ ಕೋಣೆಯಿಂದ ಹೊರಗೆ ಬಂದಾಗ ಹೇಗೆ ಕಂಡಿರಬೇಕು ಎಂಬುದು ಅವಳಿಗೆ ಗೊತ್ತಾಯಿತು.

"ನೀವು ಮಾತು ಕೊಟ್ರಲ್ಲ," ಎಂದ ಅವನು.

"ನೋಡೂಣು ಅಂದಿದ್ದೆ. ನೋಡಿದೆ."

ಕೆಲವರು ಅವಳ ಮಾತು ಮೀರಿ ರಘುನಾಥನಿಗೇ ಹಾಕಿದರು. ಅವರಲ್ಲಿ ಮುರಿಗೆಪ್ಪನೂ ಒಬ್ಬ. ಅದು ಸಾಲದಾಯಿತು. ಮರೀನೊ ಗೆದ್ದ. ಅವನು ಬಂದು ದೀಪಶ್ರೀಯ ಕೈ ಕುಲುಕಿದ. ಯಾಕೆ ಗೆದ್ದೆನೆಂದು ಅವನಿಗೂ ಪೂರ್ತಿ ತಿಳಿದಂತಿರಲಿಲ್ಲ. ಹೊರಡುವಾಗ ಆಶಾಲತಾ ಅವಳ ಹತ್ತಿರ ನಿಂತು, "ಅವರು ಮಾಡಿದ್ದಕ್ಕೆ ನನಗೆ ನಾಚಿಕೆಯಾಗ್ತಿತ್ತು. ಇವತ್ತು ನಿಮ್ಮಿಂದಾನೂ ಆಯ್ತು," ಎಂದು ಹೇಳಿ ಹೋದಳು.

ಕಾರಿನಲ್ಲಿ ಅಕ್ಷಯಾ, "ಯೂ ಲೆಟ್ ಹಿಮ್ ಬಿಲೀವ್ ಇಟ್. ವೋಟು ಹಾಕಸ್ತೀ ಅಂತ ಅವರು ನಂಬೂ ಹಂಗ ಮಾಡಿದಿ," ಎಂದಳು.

"ಹೌದು," ಎಂದಳು ದೀಪಶ್ರೀ. ಮನೆಗೆ ಹೋಗಿ ಅನ್ನ ಸಾರು ಮಾಡಿ ಹೊಟ್ಟೆ ತುಂಬ ಉಂಡಳು. ಎಷ್ಟೋ ಕಾಲದ ಮೇಲೆ ಊಟ ರುಚಿಸಿತು ಎಂದು ನಿಜಗುಣನಿಗೆ ಹೇಳಿದಳು. ಅವನು ಎದ್ದು ತನ್ನ ತಟ್ಟೆ ತೊಳೆಯಲು ಹೋದ.

ಮರೀನೊ ಚುನಾವಣೆಯನ್ನೂ ಗೆದ್ದ. ರಸ್ತೆ ಅಗಲವಾಯಿತು, ಲಾರಿಗಳು ಹೆಚ್ಚಾದವು, ಬಸ್ಸು ಬರಲಿಲ್ಲ. ರಘುನಾಥನ ಮುಖಕ್ಕೇ ಜನ ಆಡಿಕೊಳ್ಳತೊಡಗಿದರು. ಮನೆ ಕೊಳ್ಳಲು ಅವನ ಬಳಿ ಹೋಗುವವರು ಕಡಿಮೆಯಾದರು. ಕೊನೆಗೆ ಗಂಡ ಹೆಂಡತಿ ಊರು ಬಿಟ್ಟು ಬರ್ಲಿಂಗ್ಟನ್ನಿಗೆ ಹೋದರು. ಸುದ್ದಿ ಕೇಳಿದಾಗ ದೀಪಶ್ರೀಗೆ ಸಂತೋಷವೇ ಆಯಿತು, ಅದನ್ನು ಅವಳು ಮುಚ್ಚಿಡಲಿಲ್ಲ.

ಮುರಿಗೆಪ್ಪ ಮಾತ್ರ ಫೋನ್ ಮಾಡುವುದನ್ನು ಬಿಟ್ಟ. ಒಂದು ದಿನ ದಿನಸಿ ಅಂಗಡಿಯಲ್ಲಿ ಜೋಳದ ಹಿಟ್ಟಿನ ಚೀಲದ ಮುಂದೆ ಇಬ್ಬರೂ ಎದುರಾದರು. ಅವಳೇ ಮಾತಾಡಿಸಿದಳು.

"ಸಿಟ್ಟಾಗೀಯೇನು?"

"ಅವಗ ಮಾಡಿದ್ದು ಬರೋಬರಿ ಐತ್ರಿ ಅಕ್ಕಾರ. ಅದಕ್ಕ ನಂದೇನೂ ಇಲ್ಲ," ಎಂದ ಅವನು. "ನಾವ ಏನ್ ಮಾಡಿದ್ವಿ? ಇವತ್ತೂ ಹುಡುಗ್ರು ಅದ ರಸ್ತೇದ ಮ್ಯಾಲ ನಡೀತಾರ."

ಅವಳು ಅವನ ಚೀಲ ಎತ್ತಿಕೊಂಡು ಕಾರಿನವರೆಗೆ ಹೋದಳು. ಅವನು ಬೇಡವೆನ್ನಲಿಲ್ಲ, ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಈಗ ಅವಳು ಊರಿನ ಕೌನ್ಸಿಲ್‌ಗೆ ನಿಲ್ಲುತ್ತಾಳೆಂದು ಸುದ್ದಿ ಇದೆ. ನಿಜಗುಣ ಕೇಳಿದ್ದಕ್ಕೆ, ಈ ಸಲ ಗೆಲ್ಲಲಿಕ್ಕೆ ಎಂದಳಂತೆ. ಮೊದಲ ಬಾಗಿಲು ತಟ್ಟಲು ಅವಳು ಮುರಿಗೆಪ್ಪನ ಮನೆಗೇ ಹೋದಳು. ಅವನು ಬಾಗಿಲು ತೆರೆದು ಅವಳನ್ನೂ ಅವಳ ಕೈಯಲ್ಲಿದ್ದ ಕಾಗದಗಳನ್ನೂ ನೋಡಿದ.

"ವೋಟಿನ ಮಾತು ಬ್ಯಾಡ," ಎಂದ. "ಚಹಾ ಕುಡಿಯೂದಿದ್ರ ಒಳಗ ಬರ್ರಿ."

ಅವಳು ಕಾಗದಗಳನ್ನು ಚೀಲದೊಳಗಿಟ್ಟು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು.