ಎರಡೂ ಕಾಲು ನೆಲಕ್ಕೆ ಬಂದ ಮೇಲೆ

ರೈಲಿನ ಗಾರ್ಡ್ ಎಂದರೆ ಬಾವುಟ ಬೀಸಲು ಸಂಬಳ ಪಡೆಯುವ ಪುಣ್ಯವಂತ ಎಂದೇ ನಾನು ಬಹುಕಾಲ ನಂಬಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಡಿಯ ಕೊನೆಯಲ್ಲೊಂದು ಸ್ವಂತ ಕೋಣೆ, "ಸ್ವಲ್ಪ ಸರೀರಿ" ಎನ್ನುವವರು ಯಾರೂ ಇಲ್ಲ. ಈಗ ಅವರಿಗೆ ಟ್ರೈನ್ ಮ್ಯಾನೇಜರ್ ಎಂದು ಹೆಸರಿಟ್ಟಿದ್ದಾರಂತೆ. ನನ್ನನ್ನು ಹೋಮ್ ಮೇಕರ್ ಎಂದ ಹಾಗೆ; ಹೆಸರು ಹೊಸದು, ಪಾತ್ರೆಗಳು ಅವೇ.

ನನ್ನ ನಂಬಿಕೆ ಕೆಡಿಸಿದ್ದು ನಮ್ಮತ್ತೆಯ ಮಂಡಿ. ವಿದ್ಯಾನಗರದ ನಮ್ಮ ಮನೆಯಿಂದ ಅತ್ತೆ ಪ್ರತಿ ಗುರುವಾರ ಪ್ಯಾಸೆಂಜರ್ ಹತ್ತಿ ಭದ್ರಾವತಿಗೆ, ತಂಗಿಯ ಮನೆಗೆ ಹೋಗುತ್ತಿದ್ದರು. ತಂಗಿಗೆ ಕಣ್ಣು ಮಂಜು. ಅಕ್ಕನ ದನಿಗಾಗಿ ವಾರವೆಲ್ಲ ಕಾಯುತ್ತಾರೆ. ಒಂದು ಗುರುವಾರ ಇಳಿಯುವಾಗ ಮಂಡಿ ಹಿಡಿದುಕೊಂಡು, ಯಾರದೋ ತೋಳು ಸಿಕ್ಕಿ ಅತ್ತೆ ಬಚಾವಾದರು. "ನಾನು ಇಳಿಯೋದ್ರೊಳಗೆ ಗಾಡಿ ಹೊರಟ್ರೆ?" ಎನ್ನುತ್ತ ಎರಡು ವಾರ ಹೋಗಲಿಲ್ಲ. ಮೂರನೆಯ ವಾರ ನಾನೇ ಜೊತೆಗೆ ಹೊರಟೆ. ಈ ಸಲವೂ ಹೆದರಿಕೆಯಾದರೆ ನಾನು ಇನ್ನೆಂದೂ ರೈಲಿನ ಮಾತೆತ್ತಬಾರದು ಎಂಬುದು ಅತ್ತೆಯ ಕರಾರು.

ಕೊನೆಯ ಬೋಗಿಯಲ್ಲಿ ಕೂತೆವು. ಭದ್ರಾವತಿ ಬಂದೊಡನೆ ನಾನು ಚೀಲದೊಂದಿಗೆ ಮೊದಲು ಇಳಿದು, ಮನೆಯ ಅಭ್ಯಾಸದಂತೆ "ಬೇಗ, ಬೇಗ" ಶುರುಮಾಡಿದೆ. ಅತ್ತೆ ಒಂದು ಕಾಲು ಮೆಟ್ಟಿಲಿಗಿಟ್ಟು, ಕಂಬಿ ಹಿಡಿದು ನಿಂತೇಬಿಟ್ಟರು. ಬೆರಳುಗಳು ಬಿಳಿಚಿದ್ದವು. ತಮ್ಮ ಬಾಗಿಲ ಬಳಿ ನಿಂತಿದ್ದ ಗಾರ್ಡ್ ಹತ್ತಿರ ಬಂದರು.

"ನಿಧಾನ ಅಜ್ಜಿ. ಗಾಡಿ ಹೊರಡಲ್ಲ."

"ಅದು ಡ್ರೈವರಿಗೆ ಗೊತ್ತಾಗ್ಬೇಕಲ್ಲ ಮಾರಾಯ!"

"ನಾನು ಹಸಿರು ತೋರಿಸದೆ ಅವರು ಬಿಡಲ್ಲ. ನಾನು ನೋಡೋದು ಜನರ ಮುಖ ಅಲ್ಲ, ಕಾಲು. ನಿಮ್ಮ ಎರಡೂ ಕಾಲು ನೆಲಕ್ಕೆ ಬರ್ಲಿ, ಆಮೇಲೆ ಹಸಿರು." ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನೀವು ಸ್ವಲ್ಪ ಸುಮ್ನಿರಿ" ಎಂದರು.

ನಾನು ಪಕ್ಕಕ್ಕೆ ಸರಿದೆ. ಅತ್ತೆ ಇಳಿದರು. ಗಾರ್ಡ್ ಗಾಡಿಯ ಉದ್ದಕ್ಕೂ ಇನ್ನೊಮ್ಮೆ ಕಣ್ಣು ಹಾಯಿಸಿ, ಹಿಂದೆ ಹೋಗಿ ಹಸಿರು ಬಾವುಟ ಎತ್ತಿದರು. ಅಷ್ಟು ದೊಡ್ಡ ಗಾಡಿ ಆ ಗೇಣಗಲದ ಬಟ್ಟೆಗಾಗಿ ಕಾದಿತ್ತು.

ನಾನು ಓದಿದ ಕಾನ್ವೆಂಟಿನಲ್ಲಿ ಪ್ರಾರ್ಥನೆಗೆ ಸಾಲಾಗಿ ಹೋಗುವಾಗ ಮುಂದೆ ನಡೆಯುವ ಜಂಬ ಕ್ಲಾಸ್ ಮಾನಿಟರಳದು, ಅಂದರೆ ನನ್ನದು. ಸಿಸ್ಟರ್ ಮಾತ್ರ ಕೊನೆಯಲ್ಲಿ, ಶೂ ಲೇಸು ಬಿಚ್ಚಿಹೋದವಳ ಜೊತೆ ಬರುತ್ತಿದ್ದರು. ದನ ಕಾಯುವವರೂ ಮಂದೆಯ ಹಿಂದೆಯೇ ನಡೆಯುತ್ತಾರೆ. ಮುಂದಿದ್ದವಳಿಗೆ ದಾರಿ ಕಾಣುತ್ತದೆ, ಸಾಲು ಕಾಣುವುದಿಲ್ಲ. ಇದು ತಿಳಿಯಲು ನನಗೆ ಮದುವೆಯಾಗಿ ಇಪ್ಪತ್ತು ವರ್ಷ ಬೇಕಾಯಿತು.

ಮುಂದಿನ ಗುರುವಾರ ನಾನು ಹೇಳುವ ಮೊದಲೇ ಅತ್ತೆ ಸೀರೆಯುಟ್ಟು ಕೂತಿದ್ದರು. ಸ್ಟೇಷನ್ನಿಗೆ ಆಟೋ ಬಂತು. ನಾನು ಮುಂದೆ ಓಡಿ ಹತ್ತಿ ಕೂತು, ಮತ್ತೆ "ಬೇಗ" ಎಂದೆ. ಅತ್ತೆ ಒಂದು ಕಾಲು ಒಳಗಿಟ್ಟು ಅಲ್ಲೇ ನಿಂತರು.

"ಇರೇ ಮಾರಾಯ್ತಿ, ಇನ್ನೊಂದು ಕಾಲು ಕೆಳಗೇ ಇದೆ. ನಿಂಗೆ ಹಸಿರು ತೋರಿಸ್ದೋರು ಯಾರು?"

ನಾನು ಆಟೋದಿಂದ ಇಳಿದು, ಅವರ ಹಿಂದೆ ಹೋಗಿ ನಿಂತೆ.