ಅತ್ತೆಯ ಬೆನ್ನು

ನನ್ನ ಸೋದರಮಾವ ಬಹಳ ಒಳ್ಳೆಯವರು ಎಂದು ಬೀದಿಯೆಲ್ಲ ಹೇಳುತ್ತದೆ. ಅಮ್ಮ ತೀರಿಕೊಂಡ ಮೇಲೆ ನಾನು ಅವರ ಮನೆಯಲ್ಲೇ ಬೆಳೆದವಳು, ಅವರು ಕೊಡಿಸಿದ ಚಪ್ಪಲಿ ಮೆಟ್ಟಿ ಶಾಲೆಗೆ ಹೋದವಳು. ಆದರೂ ಹೇಳುತ್ತೇನೆ: ಒಳ್ಳೆಯತನ ಅವರಿಗೆ ಅಂಟಿದ ಕಾಯಿಲೆ. ಅದರಿಂದ ನರಳಿದವರು ಮಾತ್ರ ನಮ್ಮ ಅತ್ತೆ.

ಮಾವನ ಕಸುಬು ಬೋರ್ಡ್ ಬರೆಯುವುದು. ಔಷಧಿ ಅಂಗಡಿ, ಟೈಲರ್ ಅಂಗಡಿ, ವಕೀಲರ ಆಫೀಸು, ‘ಇಲ್ಲಿ ವಾಹನ ನಿಲ್ಲಿಸಬಾರದು’ – ನಮ್ಮ ಬೀದಿಯಲ್ಲಿ ಓದಲು ಸಿಗುತ್ತಿದ್ದುದೆಲ್ಲ ಅವರ ಕೈಬರಹವೇ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಸೀಮೆಸುಣ್ಣದ ಪುಡಿ ಹಚ್ಚಿದ ದಾರದ ಒಂದು ತುದಿ ನಾನು, ಇನ್ನೊಂದು ತುದಿ ಅವರು ಬಿಗಿಯಾಗಿ ಹಿಡಿದು ಮೀಟಿದರೆ ತಗಡಿನ ಮೇಲೆ ನೇರ ಗೆರೆ ಬೀಳುತ್ತಿತ್ತು. ಆ ಗೆರೆಯ ಮೇಲೆ ಅಕ್ಷರ ಕೂರಿಸುವಾಗ ಮಾವ ಉಸಿರು ಬಿಗಿಹಿಡಿಯುತ್ತಿದ್ದರು. ಊಟಕ್ಕೆ ಕರೆಯಲು ಬಂದ ಅತ್ತೆ ಆ ಅಕ್ಷರ ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲಬೇಕಿತ್ತು.

ನಾನು ಹುಟ್ಟುವ ಮೊದಲು, ಅವರ ಮದುವೆಯ ಹೊಸತರಲ್ಲಿ, ಮಾವನಿಗೆ ಐದು ಜನ ಗೆಳೆಯರಿದ್ದರು. ಚಿತ್ರಕಲಾ ಶಾಲೆಯ ಮೇಷ್ಟ್ರುಗಳ ಜೊತೆ ಜಗಳ ಆಡಿ ಹೊರಬಿದ್ದ ಪಡೆ. ಸೈಕಲ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದು, ಹೊರದೇಶದ ಹಳೇ ಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು, ಚಿತ್ರಕಲೆಯನ್ನು ಬುಡದಿಂದಲೇ ಬದಲಾಯಿಸುತ್ತೇವೆ ಎಂದು ಹೊರಟವರು. ಒಂದು ಮುಖವನ್ನು ಮೂರು ಕಡೆಯಿಂದ ನೋಡಿ ಒಂದೇ ಕಡೆ ಬರೆಯುವುದು, ಹುಲ್ಲಿಗೆ ಕೆಂಪು, ಮನುಷ್ಯನಿಗೆ ಹಸಿರು ಬಳಿಯುವುದು – ಜಗತ್ತಿನ ದೊಡ್ಡ ಊರುಗಳಲ್ಲೆಲ್ಲ ಆಗ ಇದೇ ಗಾಳಿಯಂತೆ. ಅಂಥ ಒಂದು ಚಿತ್ರವನ್ನು ಮಾವ ಮನೆಗೆ ತಂದು ತೋರಿಸಿದಾಗ ಅತ್ತೆ, “ಪಾಪ, ಈಯಮ್ಮ ಎಲ್ಲಿ ಬಿದ್ಲು?” ಎಂದು ಕೇಳಿದರಂತೆ.

ಪಡೆಯ ನಾಯಕ ಕೊಕ್ಕರೆ. ಉದ್ದ ಕಾಲು, ಉದ್ದ ಕತ್ತು, ಅದಕ್ಕಿಂತ ಉದ್ದ ಮಾತು. ಅವನೇ ಒಂದು ನಿಯಮ ಮಾಡಿದ: ಚಿತ್ರದ ಮೇಲೆ ಯಾರೂ ಹೆಸರು ಹಾಕಕೂಡದು. ಚಿತ್ರ ಚಳವಳಿಯದು, ಹೆಸರು ಬರೆದುಕೊಳ್ಳುವುದು ಅಂಗಡಿಯವರ ಚಾಳಿ. ಬೆಳಗಿನಿಂದ ಸಂಜೆವರೆಗೆ ಅಂಗಡಿಯವರ ಹೆಸರನ್ನೇ ಬರೆಯುತ್ತಿದ್ದ ಮಾವನಿಗೆ ಈ ಮಾತು ವಿಪರೀತ ಹಿಡಿಸಿತು. ಕೊನೆಯವರೆಗೂ ಅದನ್ನು ಪಾಲಿಸಿದ ಪುಣ್ಯಾತ್ಮ ಅವರೊಬ್ಬರೇ.

ಆ ದಿನಗಳಲ್ಲಿ ಮಾವ ಬರೆದ ಒಂದು ಚಿತ್ರದಲ್ಲಿ ಅತ್ತೆ ತಲೆಗೆ ಸ್ನಾನ ಮಾಡಿ, ಅಡುಗೆಮನೆಯಲ್ಲಿ ನಮಗೆ ಬೆನ್ನು ಹಾಕಿ ಕೂತು ಕೂದಲು ಒಣಗಿಸುತ್ತಿದ್ದಾರೆ. ಕೆಂಪು ಗೋಡೆ, ನೀಲಿ ಬೆನ್ನು. ಬೆನ್ನಿನ ಮೇಲೆ ಬಟ್ಟೆ ಇಲ್ಲ. ಹನ್ನೊಂದು ದಿನ ಬಾಗಿಲಿಗೆ ಚಿಲಕ ಹಾಕಿಕೊಂಡು ಒದ್ದೆ ಕೂದಲಲ್ಲಿ ಕೂತು ಅತ್ತೆಗೆ ಜ್ವರ ಬಂತು. “ಮುಖ ಕಾಣಲ್ಲ ತಾನೇ?” ಎಂದು ದಿನಾ ಕೇಳುತ್ತಿದ್ದರಂತೆ. ಕಾಣುವುದಿಲ್ಲ ಎಂದು ಮಾವ ಮಾತು ಕೊಟ್ಟರು, ಅದೊಂದು ಮಾತು ಉಳಿಸಿಕೊಂಡರು.

ಊರಿನ ಪ್ರದರ್ಶನದಲ್ಲಿ ಜನ ನೋಡಿ ನಕ್ಕು ಹೋದರು. ಕೊಕ್ಕರೆ ಎದೆಗುಂದಲಿಲ್ಲ, ಎಲ್ಲರ ಚಿತ್ರಗಳನ್ನೂ ಸುತ್ತಿ ಕಟ್ಟಿಕೊಂಡು ಹೊರದೇಶದ ದೊಡ್ಡ ಪ್ರದರ್ಶನಕ್ಕೆಂದು ಹಡಗು ಹತ್ತಿದ. ಎರಡು ವರ್ಷದ ಮೇಲೆ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಅವನ ಹಿಂದೆ ಅತ್ತೆಯ ಬೆನ್ನು, ಬೆನ್ನಿನ ಕೆಳಗೆ ಅವನ ರುಜು. ಅಲ್ಲಿನವರು ಕೊಂಡಾಡಿದ್ದೂ ಅದೊಂದನ್ನೇ.

“ಯಾರೋ ಅವಸರದಲ್ಲಿ ರುಜು ಕೇಳಿರ್ತಾರೆ, ಹಾಕಿರ್ತಾನೆ ಬಿಡು,” ಎಂದರಂತೆ ಮಾವ. ಆಮೇಲೆ ಅವರು ಬೋರ್ಡ್ ಬಿಟ್ಟು ಬೇರೇನನ್ನೂ ಬರೆಯಲಿಲ್ಲ.

ಅತ್ತೆಯೂ ನಲವತ್ತು ವರ್ಷ ತುಟಿ ಬಿಚ್ಚಲಿಲ್ಲ. ಆಗ ಕೊಕ್ಕರೆಯ ಬಗ್ಗೆ ಒಂದು ದಪ್ಪ ಪುಸ್ತಕ ಬಂತು. ಅಷ್ಟರಲ್ಲಿ ಬೇರೆ ಮನೆ ಮಾಡಿಕೊಂಡಿದ್ದ ನಾನೊಬ್ಬಳು ಬೆಪ್ಪುತಕ್ಕಡಿ, ಗ್ರಂಥಾಲಯದಿಂದ ತಂದು ಅವರ ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಆ ಬೆನ್ನಿಗೇ ಒಂದು ಅಧ್ಯಾಯ. ‘ಕಲಾವಿದರ ಬಾಳಿನ ಗುಪ್ತ ಪ್ರೇಯಸಿ’ ಅಂತೆ. ‘ಆ ನೀಲಿಯಲ್ಲಿ ಕದ್ದು ಕೂಡಿದವರ ಸುಖವಿದೆ’ ಅಂತೆ. ಅತ್ತೆ ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟು ಮುಂದಿನ ಕೋಣೆಗೆ ನಡೆದರು. ಅವತ್ತು ಅಕ್ಷರ ಮುಗಿಯುವವರೆಗೆ ಕಾಯಲಿಲ್ಲ.

“ರೀ, ನಾನು ನಿಮ್ಮನ್ನ ಇದುವರೆಗೆ ಏನೂ ಕೇಳಿಲ್ಲ. ಆ ಚಿತ್ರ ಬರೆದೋರು ನೀವು ಅಂತ ಅದರ ಕೆಳಗೆ ಬರೆಸಿ. ಇಲ್ದಿದ್ರೆ ನಾನು ಯಾರು ಅಂತ ಆಯ್ತು?”

ಅದೇ ವರ್ಷ ಕಲಾ ಸಂಗ್ರಹಾಲಯದವರು ಆ ಪಡೆಯ ಚಿತ್ರಗಳನ್ನೆಲ್ಲ ಒಟ್ಟುಗೂಡಿಸಿ ಪ್ರದರ್ಶನ ಮಾಡುವವರಿದ್ದರು. ನಾನು ಕಾಗದ ಬರೆದೆ. ಪ್ರದರ್ಶನದ ಹೊಣೆ ಹೊತ್ತ ಮೇಡಂ ನಮ್ಮನ್ನು ಕರೆಸಿಕೊಂಡರು. ಕಿಟಕಿಯಿಲ್ಲದ ಉದ್ದನೆಯ ಹಿಂಕೋಣೆ, ಗೋಡೆಗೆ ಒರಗಿಸಿಟ್ಟ ಚಿತ್ರಗಳು, ಮಧ್ಯದ ಮೇಜಿನ ಮೇಲೆ ಅತ್ತೆಯ ಬೆನ್ನು. ಅತ್ತೆ ಸೆರಗು ಎಳೆದುಕೊಂಡು ಬಾಗಿಲ ಹತ್ತಿರವೇ ನಿಂತರು.

“ಏನಾದ್ರೂ ಪುರಾವೆ ಇದೆಯಾ?” ಎಂದರು ಮೇಡಂ.

“ತಿರುಗಿಸಿ ನೋಡಿ,” ಎಂದರು ಮಾವ. “ಹಲ್ಲಿನ ಡಾಕ್ಟ್ರಿಗೆ ನಾನು ಬರೆದಿದ್ದ ಹಳೇ ಬ್ಯಾನರ್ ಬಟ್ಟೆ ಅದು, ಅದರ ಹಿಂಬದಿಗೆ ಚಿತ್ರ ಬರೆದದ್ದು. ಕೆಂಪು ಅಕ್ಷರ, ಹಳದಿ ಅಂಚು.”

ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿದರು. ಇತ್ತು. ‘ನೋವಿಲ್ಲದೆ ಹಲ್ಲು ಕೀಳಲಾಗುವುದು’. ಮೇಡಂ ಮಾವನ ಮುಖ ನೋಡಿದರು, ಅಕ್ಷರ ನೋಡಿದರು, ಮತ್ತೆ ಮುಖ ನೋಡಿದರು. ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಅತ್ತೆ ಬಾಗಿಲು ಬಿಟ್ಟು ಮೇಜಿನವರೆಗೆ ಬಂದರು. ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಹಿಂದೆ ಕಂಡಿರಲಿಲ್ಲ.

“ನಿಮ್ಮ ಬಟ್ಟೆ ಮೇಲಿರೋ ಚಿತ್ರ ಇದೊಂದೇ ತಾನೇ?” ಮೇಡಂ ತಲೆ ಎತ್ತದೆ ಕೇಳಿದರು.

ನಾನು ಮಾವನ ಕಾಲು ತುಳಿದೆ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸುಮ್ಮನಿದ್ದರೂ ಸಾಕಿತ್ತು. ಆದರೆ ಅವರ ಕಸುಬಿನ ಮಾತು ಬಂದಿತ್ತಲ್ಲ, ಮುದುಕ ಉಬ್ಬಿಹೋದರು.

“ಇದೊಂದೇನಾ? ಎಲ್ಲಾ ನನ್ನವೇ ಬಟ್ಟೆ ಮೇಡಂ! ಅವರಲ್ಲಿ ಒಬ್ಬನಿಗಾದ್ರೂ ಬಟ್ಟೆಗೆ ಬಳಿಯೋ ಅಂಟು ಕಾಯಿಸೋಕೆ ಬರ್ತಿತ್ತಾ? ಕೊಕ್ಕರೆ ಕೈಲಿ ಬಣ್ಣದ ಕೆಳಗಿನ ಅಸ್ತರು ಹಚ್ಚಿಸಿದ್ರೆ ಮೇಲಿನ ಬಣ್ಣ ತಿಂಗಳಿಗೇ ಬಿರುಕು ಬಿಡೋದು. ಇಲ್ಲಿ ನೋಡಿ, ಎಲ್ಲಾದ್ರೂ ಕೂದಲೆಳೆಯಷ್ಟು ಬಿರುಕು ಇದೆಯಾ?”

ಒಂದೊಂದೇ ಚಿತ್ರ ತಿರುಗಿಸಿದರು. ಟೈಲರು, ಔಷಧಿ ಅಂಗಡಿ, ಯಾವುದೋ ಚುನಾವಣೆ. ಪ್ರತಿಯೊಂದಕ್ಕೂ ಮಾವನ ಮುಖ ಅರಳುತ್ತಿತ್ತು. ತಮ್ಮ ಕೈಯಾರೆ ತಮ್ಮ ತಲೆಯ ಮೇಲೆ ಚಪ್ಪಡಿ ಎಳೆದುಕೊಳ್ಳುತ್ತಿದ್ದಾರೆ ಎಂಬ ಅರಿವೇ ಇಲ್ಲ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

“ಎಲ್ಲರದ್ದೂ ನಿಮ್ಮ ಬಟ್ಟೆ ಅಂದ್ಮೇಲೆ ಇದು ಪುರಾವೆ ಆಗಲ್ಲ. ಬಟ್ಟೆ ನಿಮ್ಮದು ಅಂತ ಖಂಡಿತ ಹಾಕ್ತೀವಿ. ಚಿತ್ರ ಯಾರದು ಅಂತ ರುಜು ಹಾಕಿದವರನ್ನೇ ಕೇಳಬೇಕಾಗುತ್ತೆ,” ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಮಾವನ ಪಕ್ಕದ ಸೀಟು ಬಿಟ್ಟು ನನ್ನ ಪಕ್ಕ ಕೂತರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ರದರ್ಶನದ ದಿನ ಚಿತ್ರದ ಕೆಳಗಿನ ಚೀಟಿಯಲ್ಲಿ ‘ಪ್ರೇಯಸಿ’ ಎಂದಿತ್ತು, ಕೊಕ್ಕರೆಯ ಹೆಸರಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ಬಟ್ಟೆ ಸಿದ್ಧಪಡಿಸಿದವರು ಇಂಥವರು ಎಂದು ಮಾವನ ಹೆಸರು. ಕೊಕ್ಕರೆ ಕೋಲೂರಿಕೊಂಡು ಬಂದ, ಮಾವನನ್ನು ತಬ್ಬಿಕೊಂಡ. ದನಿ ತಗ್ಗಿಸಿಯೇ ಮಾತಾಡಿದ, ಆದರೆ ನಾನೂ ಅತ್ತೆಯೂ ಪಕ್ಕದಲ್ಲೇ ಇದ್ದೆವು.

“ಅದು ನಿಂದು ಅಂತ ನಂಗೊತ್ತಿಲ್ವೇನೋ? ಆಮೇಲೆ ನಾನು ಎಷ್ಟು ಬೆನ್ನು ಬರೆದೆ ಗೊತ್ತಾ? ಒಂದೂ ಅದರ ಹತ್ರ ಬರಲಿಲ್ಲ ಕಣೋ.”

ಮಾವನ ಕಣ್ಣು ತುಂಬಿ ಬಂತು.

“ಅದನ್ನೇ ಅಲ್ಲಿ ಮೈಕಿನ ಮುಂದೆ ಹೇಳಿ,” ಎಂದೆ ನಾನು.

ಕೊಕ್ಕರೆ ನನ್ನತ್ತ ನೋಡಲೂ ಇಲ್ಲ. “ನಾವು ಹೆಸರಿಗೋಸ್ಕರ ಬರೆದೋರಾ?” ಎಂದು ಮಾವನನ್ನೇ ಕೇಳಿದ.

“ಅಲ್ಲ,” ಎಂದರು ಮಾವ.

ಫೋಟೋ ತೆಗೆಯುವವನು ಬಂದ. ಕೊಕ್ಕರೆ ಮಾವನ ಹೆಗಲ ಮೇಲೆ ಕೈ ಹಾಕಿದ. ಮಾವ ಹಲ್ಲೆಲ್ಲ ಕಾಣುವಂತೆ ನಕ್ಕರು. ಅತ್ತೆ ಚಿತ್ರದ ಎದುರಿಗೇ ನಿಂತಿದ್ದರು. “ಅಮ್ಮಾ, ಸ್ವಲ್ಪ ಆಕಡೆ ಹೋಗಿ, ಚಿತ್ರಕ್ಕೆ ಅಡ್ಡ ಆಗ್ತಿದೀರ,” ಎಂದ ಫೋಟೋದವನು. ಅತ್ತೆ ಸರಿದು ನಿಂತರು.

ಹೊರಗೆ ಮೆಟ್ಟಿಲಿಳಿಯುವಾಗ ಮಾವನ ಕಾಲು ನೆಲದ ಮೇಲೆ ಇರಲಿಲ್ಲ. “ಕೇಳಿಸ್ಕೊಂಡ್ಯಾ? ಒಂದೂ ಹತ್ರ ಬರಲಿಲ್ವಂತೆ!”

“ಕೇಳಿಸ್ತು,” ಎಂದರು ಅತ್ತೆ. “ಅವನಿಗೂ ಗೊತ್ತು, ನಿಮಗೂ ಗೊತ್ತು. ಇಬ್ಬರೂ ಸೇರಿ ನನ್ನನ್ನ ಊರ ಮುಂದೆ ಬೆತ್ತಲೆ ನಿಲ್ಲಿಸಿ, ಕೈ ಕೈ ಹಿಡ್ಕೊಂಡು ನಕ್ಕು ಬಂದ್ರಿ.”

ಆ ವಾರವೇ ಅತ್ತೆ ನನ್ನ ಮನೆಗೆ ಬಂದುಬಿಟ್ಟರು. ಮಾವ ಆಗಾಗ ಬಂದು ಬಾಗಿಲು ತಟ್ಟುತ್ತಾರೆ, ಅತ್ತೆ ಕೂತಲ್ಲಿಂದ ಏಳುವುದಿಲ್ಲ. ಕೊಕ್ಕರೆಯ ಜೊತೆ ತಾವು ನಗುತ್ತಿರುವ ಆ ಫೋಟೋಗೆ ಮಾವ ಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿಕೊಂಡಿದ್ದಾರೆ.