ಬಾರಕ್ಕನ ಸದ್ದಿಲ್ಲದ ಚಪ್ಪಲಿ

ಬಾರಕ್ಕನಿಗೆ ಬೇರೆ ಹೆಸರಿತ್ತು. ಸಂಬಳದ ದಿನ ಮಾತ್ರ ಯಾರಾದರೂ ಅದನ್ನು ಕೂಗುತ್ತಿದ್ದರು. ಆಗಲೂ ಪಕ್ಕದವಳು ತಿವಿದ ಮೇಲೇ ಆಕೆ ಏಳುತ್ತಿದ್ದುದು. ಚಪ್ಪಲಿ ಫ್ಯಾಕ್ಟರಿಯಲ್ಲಿ ಆಕೆಯದು ಬಾರು ಹಾಕುವ ಕೆಲಸ. ರಬ್ಬರಿನ ಬಾರನ್ನು ಸೋಪಿನ ನೀರಿನಲ್ಲಿ ಅದ್ದಿ, ಅಟ್ಟೆಯ ತೂತಿಗೆ ತೂರಿಸಿ, ಕೆಳಗಿನಿಂದ ಕೊಕ್ಕೆ ಹಾಕಿ ಎಳೆಯಬೇಕು. ಬೆಳಗಿನಿಂದ ಸಂಜೆವರೆಗೂ ಅಷ್ಟೇ.

ಚಪ್ಪಲಿಯ ಹೆಸರು ಮೊದಲು ಹಂಸ ಎಂದಿತ್ತು. ಹಳೇ ಟೈರಿನ ಗೋಡೌನಿನಲ್ಲಿ ಕಂಪನಿ ಶುರು ಮಾಡಿದ ಯಜಮಾನರು, ಅಟ್ಟೆಯ ಮೇಲೆ ಒತ್ತೋದಕ್ಕೆ ಹಂಸದ ಅಚ್ಚು ಮಾಡಿಸಿದ್ದರು. ಅಚ್ಚು ಕೊರೆಯುವವನು ಹಂಸ ನೋಡಿರಲಿಲ್ಲ. ಅಂಗಡಿಗೆ ಬಂದವರೆಲ್ಲ "ಬಾತುಕೋಳಿ ಚಪ್ಪಲಿ ಕೊಡಿ" ಅನ್ನತೊಡಗಿದರು. ಒಂದೆರಡು ವರ್ಷ ಯಜಮಾನರು ಸಿಕ್ಕಿದವರನ್ನೆಲ್ಲ ತಿದ್ದಿ ನೋಡಿದರು. ಆಮೇಲೆ ಸುಸ್ತಾಗಿ ಬೋರ್ಡನ್ನೇ ಬದಲಾಯಿಸಿದರು.

ಬಾತುಕೋಳಿ ಚಪ್ಪಲಿ ಅಗ್ಗ, ಬೇಗ ಸವೆಯುವುದೂ ಇಲ್ಲ. ಇದ್ದ ಒಂದೇ ದೋಷವೆಂದರೆ ಸದ್ದು. ಹೆಜ್ಜೆ ಇಟ್ಟಾಗಲೆಲ್ಲ ಅಟ್ಟೆ ಹಿಮ್ಮಡಿಗೆ ಚಟ್ ಅಂತ ಬಡಿಯುತ್ತಿತ್ತು.

ಬಾರಕ್ಕನ ಅತ್ತೆ ನಡುಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಜಾರಿ ಬಿದ್ದು ಮುರಿದ ಮೂಳೆ ಎಂದೋ ಕೂಡಿತ್ತು, ನಡೆಯಬಹುದು ಎಂದು ಡಾಕ್ಟರು ಹೇಳಿದ್ದರು. ಅತ್ತೆ ಮಾತ್ರ ಒಪ್ಪಿರಲಿಲ್ಲ.

"ಕಾಲಿಗೆ ಡೋಲು ಕಟ್ಕೊಂಡಿದೀಯೇನೇ? ಒಂದೊಂದು ಹೆಜ್ಜೆನೂ ನನ್ನ ತಲೆಗೇ ಬಡಿಯತ್ತೆ!"

"ಬರಿಗಾಲಲ್ಲಿ ಓಡಾಡಿದ್ರೆ ಹಿಮ್ಮಡಿ ಒಡೆಯತ್ತೆ ಅತ್ತೆ."

"ನಿನ್ನ ಹಿಮ್ಮಡಿ ದೊಡ್ಡದೋ, ನನ್ನ ತಲೆ ದೊಡ್ಡದೋ?"

ಬಾರಕ್ಕ ಚಪ್ಪಲಿಯನ್ನೇ ಸರಿಮಾಡಲು ಹೊರಟಳು. ಬಣ್ಣ ಕೆಟ್ಟ ಅಟ್ಟೆಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಆಕೆ ಕೆಲವನ್ನು ತಂದು, ಕಬ್ಬಿಣದ ಕಡ್ಡಿ ಕಾಯಿಸಿ, ಅಕ್ಕಪಕ್ಕದ ತೂತುಗಳನ್ನು ಅಲ್ಲಿ ಇಲ್ಲಿ ಮಾಡಿ ನೋಡಿದಳು. ಮನೆಯೆಲ್ಲ ಸುಟ್ಟ ರಬ್ಬರಿನ ವಾಸನೆ. ಅತ್ತೆಗೆ ಬೈಯಲು ಹೊಸ ವಿಷಯ ಸಿಕ್ಕಿತು. ಕೊನೆಗೆ ತೂತುಗಳನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದಾಗ ಅಟ್ಟೆ ಪಾದಕ್ಕೆ ಅಂಟಿಕೊಂಡೇ ಎದ್ದಿತು. ಸದ್ದು ನಿಂತಿತು.

ಅದೇ ಚಪ್ಪಲಿ ಮೆಟ್ಟಿಕೊಂಡು ಆಕೆ ರಜೆ ಕೇಳಲು ಯಜಮಾನರ ಕೋಣೆಗೆ ಹೋದಳು. "ಸಾರ್" ಅಂದಾಗ ಯಜಮಾನರು ಬೆಚ್ಚಿ ಟೀ ಚೆಲ್ಲಿಕೊಂಡರು.

"ಯಾವಾಗ ಬಂದೆ?"

"ಆಗಲೇ ಬಂದೆ ಸಾರ್."

"ಬಂದಿದ್ದು ಗೊತ್ತೇ ಆಗಲಿಲ್ಲವಲ್ಲ!" ಅಂದವರು ಆಕೆಯ ಕಾಲು ನೋಡಿದರು. ನಾಲ್ಕು ಸಲ ಕೋಣೆಯ ಉದ್ದಕ್ಕೂ ನಡೆಸಿದರು. ಆಮೇಲೆ ಚಪ್ಪಲಿ ಬಿಚ್ಚಿಸಿಕೊಂಡು ತಾವೇ ನಡೆಯಲು ಹೋದರು, ಕಾಲು ತೂರಲಿಲ್ಲ. ರಜೆಯ ಮಾತು ಇಬ್ಬರಿಗೂ ಮರೆತುಹೋಯಿತು.

ಆ ವರ್ಷವೇ ತೂತು ಹಿಂದಕ್ಕೆ ಸರಿಸಿದ ಹೊಸ ಅಚ್ಚು ಬಂತು. "ಬಂದಿದ್ದೇ ಗೊತ್ತಾಗಲ್ಲ" ಎಂದು ಗೋಡೆಗೋಡೆಯ ಮೇಲೂ ಬರೆಸಿದರು. ಚಪ್ಪಲಿ ಬಿಸಿ ದೋಸೆಯಂತೆ ಖರ್ಚಾಯಿತು. ಬಾರಕ್ಕನಿಗೆ ಎಲ್ಲರೆದುರು ಒಂದು ಜೊತೆ ಚಪ್ಪಲಿ ಬಹುಮಾನ ಕೊಟ್ಟರು. ಅದು ಒಂದು ಸೈಜು ದೊಡ್ಡದಿತ್ತು.

ಕಷ್ಟ ಶುರುವಾದದ್ದು ಆಮೇಲೆ. ಸೂಪರ್‌ವೈಸರ್ ದಪ್ಪ ಆಸಾಮಿ. ಹಿಂದೆಲ್ಲ ಅವರು ಹೊರಟರೆ ಚಟ್ ಚಟ್ ಸದ್ದು ಆ ತುದಿಯ ಬಾಯ್ಲರ್ ಕೋಣೆಯಿಂದಲೇ ಕೇಳಿಸುತ್ತಿತ್ತು. ಹೆಂಗಸರು ಮಾತು ಮುಗಿಸಿ, ಮುಖ ಗಂಟಿಕ್ಕಿಕೊಂಡು ಕೂರುವಷ್ಟು ಸಮಯವಿರುತ್ತಿತ್ತು. ಈಗ ಅವರ ಕಾಲಿಗೂ ಹೊಸ ಚಪ್ಪಲಿ. ಒಬ್ಬಳು ಅವರ ನಡಿಗೆಯನ್ನೇ ಅಣಕಿಸಿ ತೋರಿಸುತ್ತಿದ್ದಾಗ ಅವರು ಹಿಂದೆ ನಿಂತು ಪೂರ್ತಿ ನೋಡಿದರು. ಅಂದಿನಿಂದ ಊಟದ ಹೊತ್ತಿಗೆ ಬಾರಕ್ಕನ ಪಕ್ಕ ಯಾರೂ ಕೂರಲಿಲ್ಲ.

ಬೇಸರವಾಗಿ ಒಂದು ದಿನ ಆಕೆ ಮಧ್ಯಾಹ್ನವೇ ಮನೆಗೆ ಬಂದಳು. ನಡುಮನೆಯ ಹಾಸಿಗೆ ಖಾಲಿ. ಅಡುಗೆಮನೆಯಲ್ಲಿ ಅತ್ತೆ ತುದಿಗಾಲಲ್ಲಿ ನಿಂತು, ಮೇಲಿನ ಗೂಡಿನ ಸಕ್ಕರೆ ಡಬ್ಬದೊಳಗೆ ಕೈ ಹಾಕಿದ್ದರು. ಡಾಕ್ಟರು ಸಕ್ಕರೆ ಮುಟ್ಟಬಾರದು ಎಂದಿದ್ದರು. ಅತ್ತೆ ತಿರುಗಿ ನೋಡಿದರು.

"ದೆವ್ವದ ಹಾಗೆ ಬರ್ತೀಯಲ್ಲ, ಕೆಮ್ಮಿಕೊಂಡಾದ್ರೂ ಬರಬಾರದಾ?" ಅಂದರು ಅತ್ತೆ.

ಬಾರಕ್ಕನಿಗೆ ಸಿಟ್ಟು ಬರಬೇಕಿತ್ತು. ಇಷ್ಟು ದಿನ ಹಾಸಿಗೆಗೇ ಬಾಗಿ ನೀರು ಕೊಟ್ಟು ನೊಂದ ಬೆನ್ನು ನೆನಪಾಗಿ ಸ್ವಲ್ಪ ಬಂತು ಕೂಡ. ಆದರೆ ಅತ್ತೆಯ ಬೆರಳ ತುದಿಗೆ ಅಂಟಿದ ಸಕ್ಕರೆ ಕಂಡು ನಗುವೇ ಮುಂದಾಯಿತು. ಡಬ್ಬ ಇಳಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ತನಗೆ ಬಂದ ಬಹುಮಾನದ ಜೊತೆಯನ್ನು ತಂದು ಅತ್ತೆಯ ಮುಂದಿಟ್ಟಳು. ಕಾಲಿಗೆ ಸರಿಯಾಗಿ ಕೂತಿತು. ಮರುದಿನದಿಂದ ಅತ್ತೆ ಮನೆಯೆಲ್ಲ ಓಡಾಡತೊಡಗಿದರು. ಒಲೆ ಮುಂದೆ ನಿಂತಾಗ ಕಿವಿಯ ಹಿಂದೆಯೇ "ಉಪ್ಪು ಹಾಕಿದ್ಯಾ?" ಎಂಬ ದನಿಗೆ ಬೆಚ್ಚುವ ಸರದಿ ಈಗ ಬಾರಕ್ಕನದು.

ಫ್ಯಾಕ್ಟರಿಯ ತೊಂದರೆಯನ್ನೂ ಆಕೆಯೇ ಸರಿಮಾಡಿದಳು. ಸೂಪರ್‌ವೈಸರ್ ಹೊಸ ಜೊತೆ ಕೇಳಿದಾಗ, ಗೋಡೌನಿನಲ್ಲಿ ಉಳಿದಿದ್ದ ಹಳೇ ಅಟ್ಟೆಗೆ ಬಾರು ಹಾಕಿ ಕೊಟ್ಟಳು. ಮತ್ತೆ ಬಾಯ್ಲರ್ ಕೋಣೆಯಿಂದಲೇ ಚಟ್ ಚಟ್.

"ಇದೇನಮ್ಮಾ, ನನ್ನದು ಮಾತ್ರ ಸದ್ದು ಮಾಡತ್ತೆ?"

"ತೂಕ ಜಾಸ್ತಿ ಇದ್ರೆ ಹಾಗಾಗತ್ತೇನೋ ಸಾರ್," ಅಂದಳು ಬಾರಕ್ಕ, ಕೊಕ್ಕೆಯಿಂದ ಕಣ್ಣೆತ್ತದೆ.

ಅವರು ಬೆಳಗಿನ ತಿಂಡಿ ಬಿಟ್ಟರು. ಸದ್ದು ನಿಲ್ಲಲಿಲ್ಲ. ಕರಿದದ್ದು ಬಿಟ್ಟರು. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಬಿತ್ತು. ಹೆಂಗಸರು ಬಾರಕ್ಕನನ್ನು ನಡುವೆ ಕೂರಿಸಿಕೊಂಡು ಊಟ ಮಾಡತೊಡಗಿದರು.

ಒಂದು ದಿನ ಸೂಪರ್‌ವೈಸರ್ ಅವರ ಹೆಂಡತಿ ಗೇಟಿನ ಹತ್ತಿರ ಬಂದು, "ನಮ್ಮವರು ಅರ್ಧ ಆಗಿಹೋಗಿದಾರೆ. ಇಲ್ಲಿ ಅಷ್ಟೊಂದು ಕೆಲಸಾನಾ?" ಎಂದು ಕಣ್ಣೀರು ಹಾಕಿದರು.

ಹೌದು, ಪಾಪ, ತುಂಬಾ ದುಡೀತಾರೆ ಎಂದು ಎಲ್ಲರೂ ಒಪ್ಪಿಕೊಂಡರು.